ಮಾವನೋರು ಬಿಚ್ಚಿದ ಇಂಜಿನ್ನು

ಮೊನ್ನೆ ಕಾಯಿಪಲ್ಯ ತೊಗೊಂಡು ಆಟೋದಾಗ ಮನಿಗೆ ಬರ್ತಿದ್ದೆ. ಮೋತಿ ಸರ್ಕಲ್ಲಿನ ಸಿಗ್ನಲ್‌ನಾಗ ನಮ್ಮ ಮುಂದ ಒಂದು ಹಳೇ ಮೋಟರ್ ಸೈಕಲ್ಲು ನಿಂತಿತ್ತು, ಎರಡು ಸೈಲೆನ್ಸರಿಂದು. ಹಸಿರು ಲೈಟ್ ಬಿದ್ದಕೂಡ್ಲೆ ಅದು ಬುಡುಬುಡು ಅಂತ ನೀಲಿ ಹೊಗಿ ನಮ್ಮ ಮಕದ ಮ್ಯಾಲೇ ಬಿಟ್ಟು ಹೊಂಟ್ತು. ಆಟೋದ ಹುಡುಗ ಬೈಕೋತ, "ಅಮ್ಮಾರ, ಮೂಗಿಗೆ ಸೆರಗು ಹಿಡ್ಕೊಳ್ರಿ, ಇದನ್ನ ಓವರ್‌ಟೇಕ್ ಮಾಡ್ತೀನಿ" ಅಂದ. "ಬ್ಯಾಡಪ್ಪ, ಅದರ ಹಿಂದೇ ನಡಿ" ಅಂದೆ. ಅಂವ ಕನ್ನಡಿಯಾಗ ನನ್ನ ಮಕ ನೋಡಿದ. ಈ ಮುದುಕಿಗೆ ತಲಿ ಕೆಟ್ಟೈತಿ ಅಂದ್ಕೊಂಡಿರಬೇಕು. ಅಂದ್ಕೊಳ್ಳಲಿ ಬಿಡ್ರಿ. ಪೆಟ್ರೋಲಿನಾಗ ಆಯಿಲ್ ಕಲಿಸಿ ಸುಟ್ಟ ಆ ವಾಸನಿ ನನ್ನ ಮೂಗಿಗೆ ಬಡದು ಎಷ್ಟು ವರ್ಷ ಆಗಿತ್ತೋ...

ಅದು ನಮ್ಮ ಮಾವನೋರ ವಾಸನಿ. ನಗಬ್ಯಾಡ್ರಿ. ಒಬ್ಬೊಬ್ಬರ ನೆನಪು ಒಂದೊಂದರಾಗ ಕುಂತಿರ್ತೈತಿ. ನಮ್ಮ ಅತ್ತೆಮ್ಮನ ನೆನಪು ಇಂಗಿನ ಒಗ್ಗರಣಿಯಾಗ ಐತಿ, ನಮ್ಮವ್ವಂದು ಗದ್ದಿ ಕೆಸರಿನಾಗ ಐತಿ. ನನ್ನ ಗಂಡನ ತಂದಿ, ನಮ್ಮ ಮಾವನೋರದು ಮಾತ್ರ ಪೆಟ್ರೋಲು, ಸೀಮೆಎಣ್ಣಿ, ಗ್ರೀಸು. ಹಂಗಂತ ಅವ್ರೇನು ಮೆಕ್ಯಾನಿಕ್ ಅಲ್ಲ. ತಾಲೂಕು ಕಚೇರಿಯಾಗ ಗುಮಾಸ್ತರಾಗಿ ರಿಟೈರ್ ಆದೋರು. ಮೂಲ ಕುರುಗೋಡು, ನೌಕರಿ ಅಂತ ಬಳ್ಳಾರಿಗೆ ಬಂದು ಮನಿ ಕಟ್ಟಿಸ್ಕೊಂಡಿದ್ರು. ತಿಂಗಳಾ ಮೀಸಿಗೆ ಕಪ್ಪು ಹಚ್ಚೋರು, ಒಗದ ಬಿಳೀ ಅಂಗಿ ಬಿಟ್ಟು ಬ್ಯಾರೆ ಹಾಕಿದೋರಲ್ಲ. ಅಂಥಾ ಮನಿಷ ಆರು ತಿಂಗಳು ಗ್ರೀಸಿನಾಗ ಮುಳುಗಿ ಎದ್ದದ್ದು ನನ್ನ ಮದುವಿ ದೆಸಿಂದ.

ನಂದು ಹಚ್ಚೊಳ್ಳಿ. ಸಿರುಗುಪ್ಪ ದಾಟಿ ಹೋಗಬೇಕು. ಕಾಲುವಿ ನೀರು, ಎತ್ತ ನೋಡಿದ್ರೂ ನೆಲ್ಲು. ಮದುವಿ ನಮ್ಮೂರಾಗೇ ಆತು. ಮಾವನೋರಿಗೆ ಒಂದು ಆಸಿ ಇತ್ತಂತ. ತಾವು ಪ್ರಾಯದಾಗ ಕೊಂಡ ಎರಡು ಸೈಲೆನ್ಸರಿನ ಮೋಟರ್ ಸೈಕಲ್ಲಿನ ಮ್ಯಾಲೆ ಮಗನ್ನ ಹಿಂದ ಕುಂದ್ರಿಸ್ಕೊಂಡು, ಊರ ಹೊರಗಿನ ಹನುಮಪ್ಪನ ಗುಡಿಯಿಂದ ಹಂದರದ ತನಕ ತಾವೇ ಓಡಿಸ್ಕೊಂಡು ಬರಬೇಕು ಅಂತ. ಲಾರಿ ಮ್ಯಾಲೆ ಹಾಕ್ಕೊಂಡು ಬಳ್ಳಾರಿಯಿಂದ ಅದನ್ನ ತಂದಿದ್ರು. ಹೂವಿನ ಹಾರ ಹಾಕಿದ್ರು, ಮುಂದ ಬಾಜಾ ಬಜಂತ್ರಿ. ಎಲ್ಲಾ ಚಲೋ ಇತ್ತು. ಕಾಲುವಿ ಸೇತುವಿ ಮ್ಯಾಲೆ ಬಂದ್ರು ನೋಡ್ರಿ, ಗಾಡಿ ಒಮ್ಮೆ ಕಕ್ ಅಂತು, ನಿಂತುಬಿಡ್ತು.

ಕಿಕ್ ಹೊಡದ್ರು, ಹೊಡದ್ರು, ಹೊಡದ್ರು. ತಲಿಗೆ ಸುತ್ತಿದ ಪಟಗ ಕೆಳಗ ಬಿತ್ತು. ಬಜಂತ್ರಿಯೋರು ಊದೋದು ಬಿಟ್ಟು ನೋಡ್ಕೋತ ನಿಂತ್ರು. ನಮ್ಮಪ್ಪನ ಬಾಯಿ ಸುಮ್ನಿರೋ ಬಾಯಿ ಅಲ್ಲ. ಮನಿಯಿಂದ ಒಂದು ಜೋಡಿ ಎತ್ತು ಹೊಡಸ್ಕೊಂಡು ಬಂದು, ಹಗ್ಗ ಕಟ್ಟಿಸಿ, "ಬೀಗರ ಕುದುರಿಗೆ ವಯಸ್ಸಾತು, ನಮ್ಮ ಎತ್ತು ಎಳೀತಾವ ಬಿಡ್ರಿ" ಅಂದ. ಊರು ಊರೇ ನಕ್ತು. ನಾನು ಮಾಳಿಗಿ ಮ್ಯಾಲಿಂದ ಕದ್ದು ನೋಡ್ತಿದ್ದೆ, ನಾನೂ ನಕ್ಕೆ. ಮದುಮಗನ್ನ ಹಿಂದ ಕುಂದ್ರಿಸ್ಕೊಂಡು ನಮ್ಮ ಮಾವನೋರು ಎತ್ತಿನ ಹಿಂದ ಹಂದರಕ್ಕ ಬಂದ್ರು. ಇಳದವರೇ ಎಲ್ಲಾರ ಎದುರಿಗೆ ಅಂದುಬಿಟ್ರು: "ಇದೇ ಗಾಡಿನ ನನ್ನ ಕೈಲಿ ಸರಿ ಮಾಡಿ, ಬಳ್ಳಾರಿಯಿಂದ ಇಲ್ಲೀತನಕ ಓಡಿಸ್ಕೊಂಡು ಬರೋ ತನಕ ನಿಮ್ಮೂರ ನೀರು ಮುಟ್ಟಂಗಿಲ್ಲ." ನಮ್ಮಪ್ಪ ಬಿಡ್ತಾನೇನು? "ಆತು, ನೀವು ಬರೋ ತನಕ ನಾನೂ ನಿಮ್ಮ ಹೊಸ್ತಿಲ ತುಳಿಯಂಗಿಲ್ಲ. ನಮ್ಮ ಮನಿ ಗಂಡಸ್ರು ಯಾರೂ ತುಳಿಯಂಗಿಲ್ಲ" ಅಂದ. ಮಾತು ಆಡಿದ್ರ ಹೋತು, ಮುತ್ತು ಒಡದ್ರ ಹೋತು. ಹಿರೇರು ನಡುವ ಬಂದು ತಾಳಿ ಏನೋ ಕಟ್ಟಿಸಿದ್ರು. ಮಾವನೋರು ಮಾತ್ರ ಬಳ್ಳಾರಿಯಿಂದ ತಂದ ಬಾಳಿಹಣ್ಣು ತಿಂದು, ಒಂದು ಮೂಲ್ಯಾಗ ಕುಂತು ಮಗನ ಮದುವಿ ಮುಗಿಸಿದ್ರು.

ಈ ಇಬ್ಬರು ಗಂಡಸರ ಹಟದಾಗ ಸಿಕ್ಕಾಕ್ಕೊಂಡಾಕಿ ನಾನು. ಮೊದಲನೇ ಪಂಚಮಿಗೆ ಓಣ್ಯಾಗಿನ ಹೊಸ ಸೊಸೇರನ್ನೆಲ್ಲಾ ಅವರ ಅಣ್ಣ ತಮ್ಮಂದ್ರು ಬಂದು ಕರಕೊಂಡು ಹೋದ್ರು. ನನ್ನ ಕರಿಯಾಕ ಯಾರೂ ಬರ್ಲಿಲ್ಲ. ನಮ್ಮವ್ವ ಸಿರುಗುಪ್ಪದ ಬಸ್ಸಿನ ಕಂಡಕ್ಟರ್ ಕೈಯಾಗ ಉಂಡಿ ಡಬ್ಬಿ ಕೊಟ್ಟು ಕಳಿಸಿದ್ಲು. ಬಚ್ಚಲದಾಗ ಕುಂತು ಒಂದು ಉಂಡಿ ತಿನ್ನೋದು, ಒಂದಿಷ್ಟು ಅಳೋದು. ಯಾರೂ ಕರೀದೇ ತವರಿಗೆ ಹೋಗಾಕ ಬರಂಗಿಲ್ಲ, ಹೋದ್ರ ಗಂಡನ ಮನ್ಯಾಗ ಜಗಳಾಡಿ ಬಂದಾಳ ಅಂತಾರ. ನಮ್ಮನಿಯವ್ರನ್ನ ಕೇಳಿದ್ರ, "ನಿಮ್ಮಪ್ಪ ಉಂಟು, ನಮ್ಮಪ್ಪ ಉಂಟು, ನಾನು ನಡುವ ಬರಂಗಿಲ್ಲ" ಅಂತ ಸ್ಕೂಟರ್ ಹತ್ತಿ ಬ್ಯಾಂಕಿಗೆ ಹೋಗಿಬಿಡೋರು. ಅಷ್ಟೊತ್ತಿಗೆ ನನಗ ದಿನ ನಿಂತಿದ್ದವು. ಮೊದಲನೇ ಬಾಣಂತನ ತವರಾಗೇ ಆಗಬೇಕು. ಏಳು ತಿಂಗಳಿಗೆ ಸೀಮಂತದ ಕುಬಸ ಮಾಡಿ ತವರಿನೋರು ಬಂದು ಕರಕೊಂಡು ಹೋಗಬೇಕು. ಬರೋರು ಯಾರು? ಆ ಗಾಡಿ ಎದ್ದು ನಡೀಬೇಕು, ಆಮ್ಯಾಲೆ ನಮ್ಮಪ್ಪನ ಕಾಲು ಏಳಬೇಕು. ನನ್ನ ಹಣೇಬರ ಹೋಗಿ ಒಂದು ತುಕ್ಕು ಹಿಡದ ಇಂಜಿನ್ನಿನಾಗ ಕುಂತಿತ್ತು.

ಮಾವನೋರು ಊರಾಗಿನ ಮೆಕ್ಯಾನಿಕ್‌ಗಳನ್ನೆಲ್ಲಾ ಕೇಳಿಬಂದ್ರು. ಸಾಮಾನು ಸಿಗಂಗಿಲ್ಲ, ಗುಜರಿಗೆ ಹಾಕ್ರಿ ಅಂದ್ರು ಎಲ್ಲಾರೂ. ಹೆಂಗೂ "ನನ್ನ ಕೈಲಿ" ಅಂದುಬಿಟ್ಟಿದ್ರಲ್ಲ, ಮನಿ ಪಕ್ಕದ ತಗಡು ಪತ್ರಾಸಿನ ಶೆಡ್ಡಿನಾಗ ಗೋಣಿಚೀಲ ಹಾಸಿ ಬಿಚ್ಚಾಕ ಕುಂತ್ರು. ಏನೂ ಬರ್ತಿರ್ಲಿಲ್ಲ ಅವ್ರಿಗೆ, ಆ ದೇವ್ರಾಣಿ. ಒಂದು ನಟ್ಟು ಬಿಚ್ಚಾಕ ಒಂದು ಮುಂಜಾನಿ. ಸುತ್ತಿಗಿ ಕೈಮ್ಯಾಲೆ ಬಿದ್ರ ಇಂಜಿನ್ನಿಗೇ ಬೈಯೋರು. ನಾನು ಅಡಿಗಿಮನಿ ಕಿಟಕಿಯಾಗ ನೋಡಿ ಹಲ್ಲು ಕಡೀತಿದ್ದೆ. ಅನುಭವಿಸ್ಲಿ ಹಟಮಾರಿ ಮುದುಕ, ಅಂತ. ನಿಜ ಹೇಳ್ತೀನಿ, ಆಗ ಅವ್ರನ್ನ ಕಂಡ್ರ ನನಗ ಆಗಿಬರ್ತಿರ್ಲಿಲ್ಲ.

ಆದ್ರ ಬಯಕಿ ಅನ್ನೋದು ಬಾಳ ಕೆಟ್ಟದ್ದು. ಅನ್ನ ಕಂಡ್ರ ವಾಂತಿ, ಹೂವು ಕಂಡ್ರ ವಾಂತಿ, ಆ ಶೆಡ್ಡಿನಿಂದ ಪೆಟ್ರೋಲ್ ವಾಸನಿ ಬಂದ್ರ ಮಾತ್ರ ಜೀವಕ್ಕ ಹಾಯ್ ಅನಿಸ್ತಿತ್ತು. ತಡಕೊಳ್ಳಾಕ ಆಗ್ಲಿಲ್ಲ. ಒಂದು ದಿನ ಚಾ ಕೊಡೋ ನೆವದಾಗ ಹೋಗಿ ಅಲ್ಲೇ ಬಾಗಲದಾಗ ನಿಂತುಬಿಟ್ಟೆ. ಮರುದಿನ ಅಕ್ಕಿ ಆರಿಸೋ ಮೊರ ತೊಗೊಂಡು ಹೋಗಿ ಕುಂತೆ. ಅತ್ತೆಮ್ಮ ಗದ್ದಕ್ಕ ಕೈ ಹಚ್ಚಿ, "ಮಂದಿಗೆ ಹುಣಸಿಕಾಯಿ ಬಯಕಿ, ನಮ್ಮಾಕಿಗೆ ಪೆಟ್ರೋಲ್ ಬಯಕಿ! ನಾಳೆ ಹುಟ್ಟಿದ್ದು ಕೂಸೋ, ಲಾರಿಯೋ!" ಅಂತ ಓಣಿಗೆಲ್ಲಾ ಕೇಳೋಹಂಗ ನಕ್ಕಳು.

ನಮ್ಮ ಮನ್ಯಾಗ ಮಾವ ಸೊಸಿ ಎದುರಾಬದುರಾ ಮಾತಾಡೋ ಪದ್ಧತಿ ಇರ್ಲಿಲ್ಲ. ಅವ್ರು ಬಂದ್ರ ನಾನು ಸೆರಗು ಹೊತ್ಕೊಂಡು ಒಳಗ ಹೋಗಬೇಕು. ಅವ್ರಿಗೆ ಏನರ ಬೇಕಂದ್ರ ಅತ್ತೆಮ್ಮಗ ಹೇಳಬೇಕು, ಅತ್ತೆಮ್ಮ ನನಗ ಹೇಳಬೇಕು. ಶೆಡ್ಡಿನಾಗ ಅತ್ತೆಮ್ಮ ಎಲ್ಲಿಂದ ಬರಬೇಕು? ಅವ್ರು ಗ್ವಾಡಿಗೆ ಹೇಳಾಕ ಚಾಲೂ ಮಾಡಿದ್ರು. "ಹನ್ನೊಂದರ ಪಾನಾ ಎಲ್ಲಿ ಹೋತೋ ಏನೋ..." ಅನ್ನೋರು, ಗ್ವಾಡಿ ನೋಡ್ಕೋತ. ನಾನು ಆ ನಟ್ಟು ತಿರುವೋ ಪಾನಾ ಹುಡುಕಿ ಅವ್ರ ಕೈಗೆ ಸಿಗೋಹಂಗ ಗೋಣಿಚೀಲದ ಮ್ಯಾಲೆ ಇಟ್ಟು ಹಿಂದ ಸರೀತಿದ್ದೆ. "ಸಿಕ್ತು" ಅನ್ನೋರು, ಅದೂ ಗ್ವಾಡಿಗೇ. ಮೊದಲನೇ ದಿನ ನನಗ ನಗು ತಡಿಯಾಕ ಆಗ್ಲಿಲ್ಲ, ಸೆರಗು ಬಾಯಾಗ ತುರಕ್ಕೊಂಡೆ. ಹಂಗೇ ಹಂಗೇ ಅದೇ ನಮ್ಮ ಭಾಷಿ ಆತು. ನಾನೂ ಅಕ್ಕಿ ಮೊರಕ್ಕ ಹೇಳ್ತಿದ್ದೆ: "ಆ ಸ್ಪ್ರಿಂಗು ತಿರುವಾ ಮುರುವಾ ಆಗೇತೇನೋ, ಯಾರರ ನೋಡಿದ್ರ ಚಲೋ ಇತ್ತು." ಅವ್ರು ಸ್ಪ್ರಿಂಗು ತೆಗದು ಸರಿ ಹಾಕೋರು.

ಬಿಚ್ಚಿದ ನಟ್ಟು ಬೋಲ್ಟು ಎಲ್ಲಾ ಕಲಸಿಹೋಗ್ತಾವ ಅಂತ ಅವ್ರು ಒಂದು ದಿನ ಅಡಿಗಿಮನಿಗೆ ನುಗ್ಗಿ ಇಡ್ಲಿ ತಟ್ಟಿ ಎತ್ಕೊಂಡು ಹೋದ್ರು. ಒಂದೊಂದು ಕುಳಿಯಾಗ ಒಂದೊಂದು ಜಾತಿ. ಕ್ಲಚ್ಚಿಂದು ಮ್ಯಾಲಿನ ತಟ್ಟಿಯಾಗ, ಗೇರಿಂದು ನಡುವಿನ ತಟ್ಟಿಯಾಗ. ಅತ್ತೆಮ್ಮ ಸೊಂಟಕ್ಕ ಕೈ ಇಟ್ಕೊಂಡು ಬಂದ್ಲು, "ಏನ್ರಿ, ನಾಳೆ ಇದರಾಗೇ ಇಡ್ಲಿ ಬೇಯಿಸಿ ನಿಮಗೇ ಬಡಸ್ತೀನಿ ನೋಡ್ರಿ!" ಅಂತ. ಆ ಮನ್ಯಾಗ ಅವತ್ತಿನಿಂದ ಗಾಡಿ ಏಳೋ ತನಕ ಇಡ್ಲಿ ಇಲ್ಲ. ಇಂಜಿನ್ನಿಗೆ ಗ್ಯಾಸ್ಕೆಟ್ ಸಿಗ್ಲಿಲ್ಲ ಅಂತ ದಪ್ಪ ಕಾಗದ ಹುಡುಕಿದ್ರು. ಟ್ರಂಕಿನಾಗ ನಮ್ಮ ಲಗ್ನಪತ್ರಿಕಿ ಒಂದು ಕಟ್ಟು ಉಳಿದಿತ್ತು. ಅದನ್ನೇ ಇಂಜಿನ್ನಿನ ಅಂಚಿಗೆ ಇಟ್ಟು, ಸುತ್ತಿಗಿಯಿಂದ ಹಗೂರಕ ಬಡದು ಅಚ್ಚು ತೆಗದು, ಕತ್ತರಿಯಿಂದ ಕತ್ತರಿಸಿ ಗ್ರೀಸ್ ಹಚ್ಚಿ ಹಾಕಿದ್ರು. ಕತ್ತರಿ ಹಿಡದಾಕಿ ನಾನು. ನನ್ನ ಹೆಸರಿದ್ದ ತುಂಡು ಬಂದಾಗ ಮಾತ್ರ ಅವ್ರು ಅದನ್ನ ಬ್ಯಾರೆ ತೆಗದಿಟ್ರು. ಯಾಕ ಅಂತ ನಾನು ಕೇಳ್ಲಿಲ್ಲ, ಅವ್ರು ಗ್ವಾಡಿಗೂ ಹೇಳ್ಲಿಲ್ಲ...

ಖಂಡೇನವಮಿ ಬಂತು. ಮನ್ಯಾಗಿನ ಕಬ್ಬಿಣದ ಸಾಮಾನಿಗೆಲ್ಲಾ ಪೂಜಿ, ಬನ್ನಿ ಮುಡಿಯೋ ತನಕ ಯಾವುದನ್ನೂ ಮುಟ್ಟಂಗಿಲ್ಲ. ಇಂಜಿನ್ನು ಹೊಟ್ಟಿ ತೆರಕೊಂಡು ಗೋಣಿಚೀಲದ ಮ್ಯಾಲೆ ಬಿದ್ದಿತ್ತು. ಮಾವನೋರು, "ಅದರ ಮ್ಯಾಲೆ ಬಟ್ಟಿ ಮುಚ್ಚೀನಿ, ಬಟ್ಟಿಗೇ ಪೂಜಿ ಮಾಡು" ಅಂದ್ರು. ಅತ್ತೆಮ್ಮ ಕೇಳ್ತಾಳೇನು? "ಬಟ್ಟಿ ಮ್ಯಾಲೆ ಮಾಡಿದ್ರ ಬಟ್ಟಿಗೇ ಮುಟ್ತೈತಿ, ಗಾಡಿಗೆ ಹೆಂಗ ಮುಟ್ಟೀತು?" ಅಂತ, ಅವ್ರು ಜಳಕಕ್ಕ ಹೋದಾಗ ಬಟ್ಟಿ ತೆಗದು, ಪಿಸ್ಟನ್ನಿಗೆ ವಿಭೂತಿ, ಬ್ಲಾಕಿಗೆ ಕುಂಕುಮ, ಚೈನಿಗೆ ಚೆಂಡುಹೂವು, ಎಲ್ಲಾದರ ಮ್ಯಾಲೆ ಮುಷ್ಟಿ ತುಂಬ ಅಕ್ಷತಿ. ಮಾವನೋರು ಬಂದು ನೋಡಿ ತಲಿಮ್ಯಾಲೆ ಕೈ ಹೊತ್ಕೊಂಡು ಕುಂತ್ರು. ಹಬ್ಬ ಮುಗದ ಮ್ಯಾಲೆ ನಾನು, ಅವ್ರು ಎರಡು ದಿನ ಸೀಮೆಎಣ್ಣಿಯಾಗ ದೇವರನ್ನ ತೊಳದ್ವಿ.

ಆಮ್ಯಾಲೆ ಕೂಡಿಸೋ ಕೆಲಸ. ಪಿಸ್ಟನ್ನಿನ ಸುತ್ತ ರಿಂಗು ಇರ್ತಾವಲ್ಲ, ಅವನ್ನ ಬೆರಳಿನಿಂದ ಒತ್ತಿ ಹಿಡದ್ರ ಮಾತ್ರ ಬ್ಲಾಕು ಅದರ ಮ್ಯಾಲೆ ಇಳೀತೈತಿ. ಬ್ಲಾಕು ಹಿಡಿಯಾಕ ಎರಡು ಕೈ, ರಿಂಗು ಒತ್ತಾಕ ಎರಡು ಕೈ. ಅವ್ರು ಒಬ್ಬರೇ ಹೆಣಗಾಡಿದ್ರು. ಒಂದು ರಿಂಗು ಪಟ್ ಅಂತ ಮುರೀತು. ಗುಜರಿಯಾಗ ಹುಡುಕಿ ಬ್ಯಾರೇದು ತಂದ್ರು. ಆಗ ಗ್ವಾಡಿ ನೋಡ್ಕೋತ, "ಇದು ಒಬ್ಬರ ಕೆಲಸ ಅಲ್ಲ..." ಅಂದ್ರು. ನಾನು ಹಸಿರು ಬಳಿ ಮ್ಯಾಲಕ ಏರಿಸಿ, ಸೆರಗಿನ ತುದಿಯಿಂದ ಬಿಗದು ಕಟ್ಕೊಂಡು ಮುಂದ ಬಂದು ಕುಂತೆ. ರಿಂಗು ಒತ್ತಿದೆ. ಅವ್ರ ಕೈ ನನ್ನ ಕೈಗೆ ತಾಗಬಾರದು ಅಂತ ಅವ್ರು ಎಷ್ಟು ಹಗೂರಕ ಬ್ಲಾಕು ಇಳಿಸಿದ್ರಂದ್ರ, ಹಾಲಿನ ಪಾತ್ರಿ ಇಳಿಸಿದಂಗ. ಸರಕ್ ಅಂತ ಒಳಗ ಕುಂತ್ತು. ಇಬ್ಬರೂ ಒಮ್ಮೆಲೆ ಉಸಿರು ಬಿಟ್ವಿ. ಆ ಸರಕ್ ಅನ್ನೋ ಸದ್ದು... ಈಗ್ಲೂ ಬೆರಳಿನಾಗ ಐತಿ ನೋಡ್ರಿ.

ಎಲ್ಲಾ ಕೂಡಿಸಿ ಕಿಕ್ ಹೊಡದ್ರ ಲಿವರ್ ಅರ್ಧಕ್ಕ ಇಳದು ಕಟ್ ಅಂತ ನಿಂತ್ತು. ಮತ್ತ ಹೊಡದ್ರೂ ಅಷ್ಟೇ. ಮಾವನೋರ ಮಕ ಸುಟ್ಟ ಬದನಿಕಾಯಿ ಆಗಿತ್ತು. ನನಗ ಆಗ ಆರು ತಿಂಗಳು ತುಂಬಿತ್ತು. ಮತ್ತ ಬಿಚ್ಚಿದ್ವಿ. ಬ್ಲಾಕಿನ ಪಕ್ಕದಾಗ ಒಂದು ಕಿಂಡಿ ಇರ್ತೈತಿ, ಆ ಕಿಂಡಿ ಅಂಚಿಗೆ, ಪಿಸ್ಟನ್ನಿಗೆ ನಡುವ ಹಲ್ಲು ಕಚ್ಚಿ ಹಿಡದಂಗ ಕುಂತಿತ್ತು ಒಂದು ಅಕ್ಕಿಕಾಳು. ಅರಿಷಿಣದ ಬಣ್ಣ ಇನ್ನೂ ಹೋಗಿರ್ಲಿಲ್ಲ. ಅತ್ತೆಮ್ಮ ಪೂಜಿಗೆ ಬಳಸೋ ಅಕ್ಕಿ ನಮ್ಮವ್ವ ಅದೇ ಕಂಡಕ್ಟರ್ ಕೈಯಾಗ ಕಳಿಸಿದ್ದು, ನಮ್ಮ ಗದ್ದಿದು. ಮಾವನೋರು ಅದನ್ನ ಬೆರಳ ತುದಿಯಾಗ ಹಿಡದು ಬೆಳಕಿಗೆ ನೋಡಿದ್ರು. ನೋಡಿ ನೋಡಿ, ಹೊಟ್ಟಿ ಹಿಡ್ಕೊಂಡು ನಗಾಕ ಹತ್ತಿದ್ರು. ಆ ಮನಿಷ ನಕ್ಕದ್ದು ನಾನು ನೋಡಿದ್ದೇ ಅವತ್ತು. ಕಣ್ಣಾಗ ನೀರು ಬರೋ ತನಕ ನಕ್ಕು, ಸೀದಾ ನನ್ನ ಕಡೆ ತಿರುಗಿ, "ನಿಮ್ಮಪ್ಪ ಅಲ್ಲಿ ಕುಂತೇ ನನ್ನ ಗಾಡಿ ನಿಲ್ಲಿಸ್ತಾನಲ್ಲಾ ಮಗಳ!" ಅಂದ್ರು. ಅಂದಮ್ಯಾಲೆ ನಗು ನಿಂತ್ತು. ಗ್ವಾಡಿ ಬಿಟ್ಟು ನನ್ನ ಕೂಡೇ ಮಾತಾಡಿದ್ದು ಅವ್ರಿಗೆ ಅರಿವಾತು. ನಾನು ತಲಿ ತಗ್ಗಿಸಿ, "ಹೂಂ ರಿ" ಅಂದೆ. ಮಗಳ ಅಂದಿದ್ರು...

ಮುಂದಿನ ಸಲ ಕೂಡಿಸಿದಾಗ ಗಾಡಿ ಎದ್ದಿತು. ಶೆಡ್ಡು ತುಂಬ ಹೊಗಿ, ಪತ್ರಾಸು ಗಡಗಡ. ಅತ್ತೆಮ್ಮ ತೆಂಗಿನಕಾಯಿ ಹಿಡ್ಕೊಂಡು ಓಡಿಬಂದ್ಲು. ನಾನು ಆ ಹೊಗಿಯಾಗ ನಿಂತು ಕಣ್ಣು ಒರಸ್ಕೊಂಡೆ. ಇನ್ನೇನು, ನಾಳೆ ಹೋಗ್ತಾರ, ನಾಡಿದ್ದು ಅಪ್ಪ ಬರ್ತಾನ, ಅಂತ ರಾತ್ರಿನೇ ಸೀರಿ ಮಡಚಿ ಇಟ್ಟೆ.

ನಾಳೆ ಹೋಗ್ಲಿಲ್ಲ. ನಾಡಿದ್ದೂ ಹೋಗ್ಲಿಲ್ಲ. "ಸೌಂಡ್ ಯಾಕೋ ಸರಿ ಇಲ್ಲ" ಅಂತ ಗ್ವಾಡಿಗೆ ಹೇಳಿ ಕ್ಲಚ್ಚು ಬಿಚ್ಚಿದ್ರು. ಅದನ್ನ ಕೂಡಿಸಿ ಕಾರ್ಬೊರೇಟರ್ ಬಿಚ್ಚಿದ್ರು. ಒಂದು ದಿನ ಸುಮ್ನ ಹೆಡ್‌ಲೈಟ್ ಒರಸ್ಕೋತ ಕುಂತ್ರು. ಕುಬಸದ ದಿನ ಸನೇಕ ಬರಾಕ ಹತ್ತಿತ್ತು. ನನ್ನ ಸಿಟ್ಟು ನಿಮಗ ಗೊತ್ತಿಲ್ಲ, ನಮ್ಮಪ್ಪನ ಮಗಳು ನಾನು. ಒಂದು ಮುಂಜಾನಿ ಶೆಡ್ಡಿಗೆ ಹೋದೆ. ಸೆರಗಿಲ್ಲ, ಮೊರ ಇಲ್ಲ. ಎದುರಿಗೆ ನಿಂತು ಅಂದೆ: "ಗಾಡಿ ಸರಿ ಐತ್ರಿ ಮಾವಾ. ನೀವು ಸರಿ ಇಲ್ಲ. ನನ್ನ ತವರು ನನಗ ಕೊಡ್ರಿ."

ಅವ್ರು ಬೈತಾರ ಅಂದ್ಕೊಂಡಿದ್ದೆ. ಕೈಯಾಗಿನ ಬಟ್ಟಿ ಹಿಂಡಿದ್ರು, ಬಿಚ್ಚಿದ್ರು, ಮತ್ತ ಹಿಂಡಿದ್ರು. "ಅಲ್ಲಿ ಹೋಗಿ ಏನಂತ ಅನ್ಲಿ?" ಅಂದ್ರು ಕಡೀಕ.

"ಏನೂ ಅನಬ್ಯಾಡ್ರಿ. ಕುಬಸಕ್ಕ ಬರ್ರಿ ಅನ್ರಿ ಸಾಕು."

"ಆತು" ಅಂದ್ರು. ಪಾನಾ ಎಲ್ಲಾ ಒಂದೊಂದೇ ಒರಸಿ ಚೀಲದಾಗ ಹಾಕಾಕ ಹತ್ತಿದ್ರು. ನಾನು ಹೊಳ್ಳಿ ಬರಬೇಕಾದ್ರ ಹಿಂದಿಂದ ಸಣ್ಣ ದನಿಯಾಗ, ಮತ್ತ ಗ್ವಾಡಿಗೇ ಅಂದ್ರು: "ಆಕಿ ಹೋದ ಮ್ಯಾಲೆ ನನಗಿಲ್ಲಿ ಪಾನಾ ಕೊಡೋರು ಯಾರು..." ನಾನು ಕೇಳಿಸ್ಕೊಂಡೆ. ಕೇಳಿಸ್ಕೊಂಡು, ಕೇಳಿಸದಾಕಿಹಂಗ ಬಂದುಬಿಟ್ಟೆ. ಅಡಿಗಿಮನ್ಯಾಗ ಬಂದು ಒಲಿ ಮುಂದ ಕುಂತೆ. ಆರು ತಿಂಗಳಿಂದ ಯಾವುದಕ್ಕ ಬಾಯಿ ಬಾಯಿ ಬಿಡ್ತಿದ್ನೋ ಅದು ಎದುರಿಗೆ ಬಂದು ನಿಂತಿತ್ತು, ನನಗ ಅದು ಬ್ಯಾಡಾಗಿತ್ತು.

ಮರುದಿನ ಬಿಳೀ ಅಂಗಿ ಹಾಕ್ಕೊಂಡು ಹೊಂಟ್ರು. ಸಂಜಿಮುಂದ ಓಣಿ ತುದಿಯಾಗ ಬುಡುಬುಡು ಸದ್ದು ಕೇಳಿ ನಾನು, ಅತ್ತೆಮ್ಮ ಮನಿ ಮುಂದಿನ ಕಟ್ಟಿಗೆ ಬಂದು ನಿಂತ್ವಿ. ಗಾಡಿ ಮ್ಯಾಲೆ ಇಬ್ಬರು. ಹಿಂದ ನಮ್ಮಪ್ಪ, ಪಟಗ ಬಿಚ್ಚಿ ಕಿವಿಗೆ ಸುತ್ಕೊಂಡು, ತೊಡಿ ಮ್ಯಾಲೆ ಅಕ್ಕಿ ಚೀಲ. ಇಬ್ಬರೂ ಧೂಳಿನಾಗ ಎದ್ದು ಬಂದ ಎಮ್ಮಿಹಂಗ ಆಗಿದ್ರು. ನಮ್ಮಪ್ಪ ಇಳದವನೇ ನನ್ನ ನೋಡಿ ಅತ್ತ, ಆಮ್ಯಾಲೆ ನಗಾಕ ಹತ್ತಿದ. "ನಿಮ್ಮ ಮಾವ ಬಾಗಲದಾಗ ಬಂದು ನಿಂತ್ರು ನೋಡವಾ, ಗಾಡಿ ಬಂದೇ ಮಾಡವಲ್ರು! ಬಂದ್ ಮಾಡಿದ್ರ ಮತ್ತ ಏಳಂಗಿಲ್ಲೇನೋ ಅಂತ ಅಂಜಿಕಿ. ಆ ಸದ್ದಿನಾಗ ಏನೋ ಕೂಗ್ತಾರ, ನನಗ ಕೇಳವಲ್ದು. ಬೀಗ್ರ, ಬಂದ್ ಮಾಡಿ ಹೇಳ್ರಿ ಅಂದೆ. ಬಂದ್ ಮಾಡಂಗಿಲ್ಲ, ನೀವೇ ಹಿಂದ ಹತ್ರಿ ಅಂದ್ರು!" ನಮ್ಮವ್ವ ಚೊಂಬಿನಾಗ ಮಜ್ಜಿಗಿ ತಂದುಕೊಟ್ಟಾಳ, ಗಾಡಿ ಮ್ಯಾಲೆ ಕುಂತೇ ಗಟಗಟ ಕುಡದಾರ. ಊರ ನೀರು ಮುಟ್ಟಿದಂಗಾತು. ದಾರಿಯಾಗ ತೆಕ್ಕಲಕೋಟೆ ತನಕ ಇಬ್ಬರೂ ಒಂದು ಮಾತಾಡಿಲ್ಲಂತ. ಅಲ್ಲಿ ಚಾ ಕುಡಿಯಾಕ ನಿಂತು, ಬಂದ್ ಮಾಡಿದ ಗಾಡಿ ಒಂದೇ ಕಿಕ್ಕಿಗೆ ಎದ್ದಾಗ ನಮ್ಮಪ್ಪ, "ಭೇಷ್ ಬೀಗ್ರ" ಅಂದಾನ. ಅಷ್ಟಕ್ಕೇ ಮುಗೀತು ಜಗಳ.

ಕುಬಸ ಆತು. ಮಡಿಲು ತುಂಬಿಸ್ಕೊಂಡು ಅಪ್ಪನ ಕೂಡ ಬಸ್ ಸ್ಟ್ಯಾಂಡಿಗೆ ಬಂದೆ. ಮಾವನೋರು ನನ್ನ ಟ್ರಂಕು ಗಾಡಿ ಮ್ಯಾಲೆ ಹೇರ್ಕೊಂಡು ಬಂದು ಬಸ್ಸಿನ ಮ್ಯಾಲೆ ಹಾಕಿಸಿದ್ರು. ಕಿಟಕಿ ಹತ್ರ ಬಂದು ನಿಂತ್ರು. ಬಸ್ಸಿನ ತಗಡಿಗೆ ಹೇಳಿದ್ರು, "ಹುಷಾರಾಗಿ ಹೋಗಿ ಬರಬೇಕು" ಅಂತ. ಬಸ್ಸು ಹೊಂಟಮ್ಯಾಲೆ ಊರು ದಾಟೋ ತನಕ ಹಿಂದೇ ಬಂದ್ರು. ಊರು ದಾಟಿದ ಮ್ಯಾಲೆ ಒಂದು ಕಡೆ ನಿಂತ್ರು. ಸಣ್ಣಗ, ಇನ್ನೂ ಸಣ್ಣಗ ಆದ್ರು... ನಾನು ಗೊಳೋ ಅಂತ ಅತ್ತುಬಿಟ್ಟೆ. ಅಪ್ಪ ಗಾಬರಿಯಾದ. "ಏ ಹುಚ್ಚಿ, ಗಂಡನ ಮನಿಗೆ ಹೋಗಬೇಕಾದ್ರ ಅಳ್ತಾರ. ತವರಿಗೆ ಹೊಂಟಾಕಿ ಅಳ್ತಾಳೇನವಾ?" ಅಂದ.

ಮಗಳು ಹುಟ್ಟಿದ್ಲು. ಐದು ತಿಂಗಳಿಗೆ ಕೂಸು ಎತ್ಕೊಂಡು ಬಳ್ಳಾರಿಗೆ ಬಂದೆ. ಬಂದಕೂಡ್ಲೆ ಶೆಡ್ಡು ನೋಡಿದೆ. ಗುಡಿಸಿ ಸಾರಿಸಿ ಇಟ್ಟಿದ್ರು. ಇಡ್ಲಿ ತಟ್ಟಿ ಅಡಿಗಿಮನಿಗೆ ಬಂದಿದ್ವು. ಮಾವನೋರು ಕೂಸಿನ್ನ ಎತ್ಕೊಂಡು ಆಡಿಸಿದ್ರು, ನನ್ನ ಕಂಡು ತಲಿ ಅಲ್ಲಾಡಿಸಿದ್ರು, ಹೊರಗ ಹೋದ್ರು. ನಾನು ಸೆರಗು ಹೊತ್ಕೊಂಡು ಒಳಗ ಬಂದೆ. ಮಾತಾಡಾಕ ನಮಗ ಏನು ಕಾರಣ ಇತ್ತು? ಗಾಡಿ ಚಲೋ ಓಡ್ತಿತ್ತು. ದಿನಾ ಮುಂಜಾನಿ ಒಂದೇ ಕಿಕ್ಕಿಗೆ ಏಳೋದು. ಅದು ಎದ್ದಾಗೆಲ್ಲಾ ನಾನು ಒಳಗ ಅಂದ್ಕೊಳ್ತಿದ್ದೆ, ಇವತ್ತೂ ಕೆಡ್ಲಿಲ್ಲ. ಅವ್ರೂ ಕಿಕ್ ಹೊಡದು, ಗಾಡಿ ಎದ್ದಮ್ಯಾಲೂ ತುಸು ಹೊತ್ತು ತಲಿ ತಗ್ಗಿಸಿ ಇಂಜಿನ್ನು ಕೇಳ್ಕೋತ ನಿಂದ್ರೋರು. ಏನರ ಒಂದು ತಪ್ಪು ಸದ್ದು ಬರ್ತೈತೇನೋ ಅಂತ ಕೇಳ್ತಿದ್ರೋ ಏನೋ, ನಾನಂತೂ ಅದನ್ನೇ ಕೇಳ್ತಿದ್ದೆ. ಹಾಳಾದ್ದು, ವರ್ಷಗಟ್ಟಲೆ ಒಂದು ದಿನಾನೂ ಕೆಡ್ಲಿಲ್ಲ. ಏನೂ ಬರದ ಆ ಮನಿಷ ಅಷ್ಟು ಚಲೋ ರಿಪೇರಿ ಮಾಡಬಾರದಿತ್ತು.

ಅವ್ರು ಹೋಗಿ ಬಾಳ ವರ್ಷ ಆತು. ಗಾಡಿನ್ನ ಕುರುಗೋಡಿನ ಸಂಬಂಧಿಕರು ತೊಗೊಂಡು ಹೋದ್ರು, ಅವತ್ತೂ ಒಂದೇ ಕಿಕ್ಕಿಗೆ ಎದ್ದು ಹೋತು. ಅತ್ತೆಮ್ಮ ಇಲ್ಲ, ನಮ್ಮಪ್ಪ ಅವ್ವನೂ ಇಲ್ಲ. ಹಚ್ಚೊಳ್ಳಿಗೆ ಹೋದ್ರ ಅಣ್ಣನ ಮಕ್ಕಳು ಚಾ ಕೊಡ್ತಾರ, ಚಲೋ ಮಾತಾಡಸ್ತಾರ. ಆದ್ರ ತವರು ಅಂತ ಜೀವ ಎಳದಾಗ ನನ್ನ ಕಣ್ಣಮುಂದ ಬರೋದು ಆ ಊರಲ್ಲ, ಈ ಮನಿ ಪಕ್ಕದ ಪತ್ರಾಸಿನ ಶೆಡ್ಡು. ಅದನ್ನೂ ಕೆಡವಿ ಈಗ ನೀರಿನ ಸಂಪು ಕಟ್ಟಿಸ್ಯಾರ.

ಹೋದ ವಾರ ಮನ್ಯಾಗ ಮಿಕ್ಸರ್ ಕೆಟ್ಟಿತು. ಮಗಳು ಫೋನ್ ಮಾಡಿ, "ಹೊಸಾದು ಕಳಿಸ್ತೀನವಾ, ಆ ಹಳೇದು ಹೊರಗ ಒಗಿ" ಅಂದ್ಲು. ತಡಿ ಅಂದೆ. ನೆಲದ ಮ್ಯಾಲೆ ಪೇಪರ್ ಹಾಸಿ ಅದನ್ನ ಬಿಚ್ಚಿಟ್ಕೊಂಡು ಕುಂತೀನಿ. ನನಗ ಅದರಾಗ ಏನೂ ತಿಳಿಯಂಗಿಲ್ಲ. ಮಧ್ಯಾಹ್ನ ಕೆಲಸ ಮುಗಿಸಿ ಬಂದು ಸುಮ್ನ ಕುಂದ್ರತೀನಿ. ಸ್ಕ್ರೂ ಡ್ರೈವರ್ ಅತ್ಲಾಕಡೆ ಇಟ್ಟೀನಿ, ಎದುರಿಗೆ ಕುಂತೋರ ಕೈಗೆ ಸಿಗೋಹಂಗ.

ಎದುರಿಗೆ ಬರೇ ಗ್ವಾಡಿ ಐತಿ.